ಎದುರು ಮನೆಯ ಒದ್ದೆ ಬ್ರಷ್ಷು

ಹಲ್ಲುಜ್ಜುವ ಬ್ರಷ್ಷು ಒದ್ದೆಯಾಗಿರಬೇಕು ಎಂಬ ಬುದ್ಧಿಮಾತನ್ನು ಥರ್ಮನ್ ಬೀಸ್ಲಿಗೆ ಹೇಳಿದವರು ಬಸ್ ಡಿಪೋದ ಗೆಳೆಯರು. ಶಾಲಾ ಮಂಡಳಿಯ ತನಿಖೆಯವರು ಮನೆಗೆ ಬಂದರೆ ಮೊದಲು ಬಚ್ಚಲಿಗೆ ಹೋಗಿ ಮಗುವಿನ ಬ್ರಷ್ಷನ್ನು ಮುಟ್ಟಿ ನೋಡುತ್ತಾರಂತೆ. ಒಣಗಿದ್ದರೆ ಮಗು ಆ ಮನೆಯದಲ್ಲ ಎಂದೇ ಲೆಕ್ಕವಂತೆ. ಆದ್ದರಿಂದ ಆ ಮಂಗಳವಾರ ಥರ್ಮನ್ ರಜೆ ಹಾಕಿ, ಬೆಳಗ್ಗೆ ಏಳು ಗಂಟೆಗೆ ಮಗಳ ಬ್ರಷ್ಷನ್ನು ನೀರಲ್ಲಿ ಅದ್ದಿ, ಅದು ತೊಟ್ಟಿಕ್ಕುತ್ತಿದ್ದಂತೆಯೇ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಹಾಲರ್ ಬೀದಿ ದಾಟಿದ.

ಹಾಲರ್ ಬೀದಿಯ ನಡುವೆ ಬಳಿದಿರುವ ಹಳದಿ ಗೆರೆ ಬರೀ ವಾಹನಗಳಿಗೆ ಎಂದು ಹೊರಗಿನವರು ತಿಳಿದಿದ್ದಾರೆ. ಅದು ಶಾಲೆಗಳ ಗಡಿ. ಬೆಸ ಸಂಖ್ಯೆಯ ಮನೆಗಳ ಮಕ್ಕಳು ಆರನೆಯ ತರಗತಿಗೆ ಕ್ರೇನ್ ಶಾಲೆಗೆ ಹೋಗಬೇಕು, ಸರಿಸಂಖ್ಯೆಯವರು ಲಿಂಡನ್ ಶಾಲೆಗೆ. ಎರಡೂ ಸರಕಾರಿ ಶಾಲೆಗಳೇ. ಆದರೆ ಲಿಂಡನ್‌ನಲ್ಲಿ ಪ್ರಯೋಗಾಲಯವಿದೆ, ಈಜುಕೊಳವಿದೆ, ನಲವತ್ತು ಮಕ್ಕಳ ವಾದ್ಯಗೋಷ್ಠಿಯಿದೆ. ಕ್ರೇನ್‌ನಲ್ಲಿ ಸೋರುವ ಸೂರಿನ ಕೆಳಗೆ ಇಟ್ಟ ಹನ್ನೊಂದು ಬಕೆಟ್ಟುಗಳಿವೆ. ಅಲ್ಲಿಯ ಗಣಿತದ ಮೇಷ್ಟ್ರು ಕಳೆದ ಕ್ರಿಸ್‌ಮಸ್ ರಜಕ್ಕೆ ಹೋದವರು ತಿರುಗಿ ಬರಲಿಲ್ಲ. ಗಣಿತದ ಹೊತ್ತಿನಲ್ಲಿ ಮಕ್ಕಳಿಗೆ ಉಳಿದ ವರ್ಷವಿಡೀ ತಿಮಿಂಗಿಲಗಳ ಸಿನಿಮಾ ತೋರಿಸಿದರು.

ಥರ್ಮನ್‌ನ ಮಗಳು ಡೆಲ್ಫೀನ್‌ಗೆ ಹನ್ನೊಂದು ವರ್ಷ. ಕ್ಲಾರಿನೆಟ್ ಊದುತ್ತಾಳೆ. ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಅವಳು ಊದಿದರೆ ಜಗಳ ಆಡುತ್ತಿದ್ದವರೂ ಸ್ವಲ್ಪ ಹೊತ್ತು ಜಗಳ ನಿಲ್ಲಿಸುತ್ತಾರೆ. ಲಿಂಡನ್‌ನ ಸಂಗೀತದ ಮೇಷ್ಟ್ರು ಒಮ್ಮೆ ಕೇಳಿ, "ಈ ಹುಡುಗೀನ ನನ್ನ ಹತ್ರ ಕಳಿಸಿ" ಎಂದಿದ್ದರು. ಅಂದಿನಿಂದ ಆ ಹುಡುಗಿ ಬೇರೆ ಮಾತೇ ಆಡುತ್ತಿರಲಿಲ್ಲ. ಆದರೆ ಥರ್ಮನ್‌ನ ಮನೆ ನಂಬರು 417. ಅವನ ಸೋದರತ್ತೆ ಯೂಲಾಳ ಮನೆ, ಸರಿಯಾಗಿ ಎದುರಿಗೆ, 418. ದಾರಿ ಇಪ್ಪತ್ತು ಹೆಜ್ಜೆ.

ಹೀಗಾಗಿ ವಸಂತದಲ್ಲೇ ಥರ್ಮನ್ ತನ್ನ ಕರೆಂಟ್ ಬಿಲ್ಲು, ಡ್ರೈವಿಂಗ್ ಲೈಸೆನ್ಸು, ಬ್ಯಾಂಕಿನ ಕಾಗದ ಎಲ್ಲವನ್ನೂ 418ರ ವಿಳಾಸಕ್ಕೆ ಬದಲಾಯಿಸಿದ್ದ. ಮಂಡಳಿಯಿಂದ ಹಳೆಯ ವಿಳಾಸಕ್ಕೆ ಬಂದ ಮೂರು ಲಕೋಟೆಗಳನ್ನು ಒಡೆಯದೆಯೇ, 'ಈ ಹೆಸರಿನವರು ಇಲ್ಲಿ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಅಂಚೆಗೆ ವಾಪಸ್ ಹಾಕಿದ್ದ. ಆ ಜಾಣತನಕ್ಕೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ. ಇಷ್ಟಾದರೂ ಶುಕ್ರವಾರ 418ಕ್ಕೆ ಕಾಗದ ಬಂದೇಬಿಟ್ಟಿತು: ಮಂಗಳವಾರ ಒಂಬತ್ತು ಗಂಟೆಗೆ ಮನೆ ತನಿಖೆ.

"ಬರೀ ಬ್ರಷ್ಷು ಇಟ್ರೆ ಆಯ್ತಾ? ಮಗು ಏನು ಬ್ರಷ್ಷಿನ ಮೇಲೆ ಮಲಗುತ್ತಾ? ಮಂಚ ಸಾಗಿಸು" ಎಂದು ಹೆಂಡತಿ ವಂಡಾ ಆಸ್ಪತ್ರೆಯ ಅಡಿಗೆಮನೆಯ ಕೆಲಸಕ್ಕೆ ಹೊರಡುವಾಗ ಅಪ್ಪಣೆ ಕೊಟ್ಟು ಹೋಗಿದ್ದಳು.

ಹಗಲು ಹೊತ್ತಿನಲ್ಲಿ, ಇಡೀ ಬೀದಿ ಮೆಟ್ಟಿಲ ಮೇಲೆ ಕುಳಿತು ಕಾಫಿ ಕುಡಿಯುವಾಗ, ಗುಟ್ಟಾಗಿ ಮಂಚ ಸಾಗಿಸುವುದು ಹೇಗೆಂದು ಅವಳು ಹೇಳಿರಲಿಲ್ಲ.

"ಏನಪ್ಪಾ ಥರ್ಮನ್, ಮಂಚಕ್ಕೆ ಬೆಳಗಿನ ವಾಕಿಂಗಾ?" ಎಂದ ಕ್ಷೌರದಂಗಡಿಯ ಲೂಥರ್.

"ಹಲ್ಲು ಕಿರಿಯೋದು ಬಿಟ್ಟು ಒಂದು ಕಾಲು ಹಿಡ್ಕೊಳ್ಳೋ."

ಲೂಥರ್ ಹಿಡಿದುಕೊಂಡ. ಕೇಳಿದ ಕೆಲಸಕ್ಕಿಂತ ಹೆಚ್ಚು ಮಾಡುವ ಜಾತಿಯವನು ಅವನು. ನಮ್ಮ ಬೀದಿಯ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಂಥವು. ಒಳಗಿನ ಏಣಿಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಊಟವಾದ ಮೇಲೆ ಹತ್ತುವುದು ಕಷ್ಟ. ಅತ್ತೆಯ ಮನೆಯ ಅರ್ಧ ಮೆಟ್ಟಿಲು ಹತ್ತಿದ ಮೇಲೆ ಥರ್ಮನ್ "ಓರೆ ಮಾಡು" ಎಂದ. ಲೂಥರ್ ಭುಜ ಕೊಟ್ಟು ನೂಕಿದ. ಗೋಡೆಯ ಗಾರೆ ಉದುರಿತು, ಮಂಚ ಕಿರ್ರೆಂದು ಅಡ್ಡಡ್ಡ ಸಿಕ್ಕಿಕೊಂಡಿತು. ಮೇಲೂ ಹೋಗದು, ಕೆಳಗೂ ಬಾರದು.

"ಇನ್ನೊಂದ್ಸಲ ನೂಕಿದ್ರೆ ಸರಿಹೋಗುತ್ತೆ" ಎಂದು ಲೂಥರ್ ಇನ್ನೊಂದು ಸಲ ನೂಕಿದ. ಅದರೊಂದಿಗೆ ಮಂಚ ಆ ಮನೆಯ ಗೋಡೆಗೆ ಶಾಶ್ವತವಾಗಿ ಸೇರಿದಂತಾಯಿತು. ಲೂಥರ್ ಅಂಗಡಿ ತೆಗೆಯುವ ಹೊತ್ತಾಯಿತೆಂದು ಹೊರಟುಹೋದ.

"ಲೋ ಥರ್ಮನ್!" ಮೇಲಿನಿಂದ ಯೂಲಾ ಅತ್ತೆಯ ಧ್ವನಿ. "ನಾನಿನ್ನೂ ಕಾಫಿ ಕುಡಿದಿಲ್ಲ ಕಣೋ. ನಾನು ಇಳಿಯೋದೆಲ್ಲಿಂದ?"

"ಸ್ವಲ್ಪ ತಡ್ಕೋ ಅತ್ತೆ."

"ತಡ್ಕೋತೀನಿ. ಆದ್ರೆ ಸುಳ್ಳು ಹೇಳು ಅನ್ಬೇಡ. ನಲವತ್ತೆರಡು ವರ್ಷ ಚರ್ಚಿನಲ್ಲಿ ಹಾಡಿದವಳು ನಾನು. ಕೇಳಿದ್ದಕ್ಕೆ ನಿಜಾನೇ ಹೇಳೋದು."

ಆ ಆಗಸ್ಟ್ ಸೆಕೆಯಲ್ಲಿ ಥರ್ಮನ್ ಮಂಚವನ್ನು ಇನ್ನೊಮ್ಮೆ ಎಳೆದು ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ಮಿಸ್ ಕ್ಲಿಯೋರಾ ಕಾಣಿಸಿಕೊಂಡಳು. ಆಕೆ 419ರವಳು, ಥರ್ಮನ್‌ನ ಪಕ್ಕದ ಮನೆ, ಎಪ್ಪತ್ತೆಂಟು ವರ್ಷ. ಒಂದು ಕೈಯಲ್ಲಿ ಬಿಸಿ ಪೀಚ್ ಹಣ್ಣಿನ ಪೈ, ಇನ್ನೊಂದರಲ್ಲಿ ಮಡಚಿದ ಕಾಗದ.

"ಥರ್ಮನ್, ನಿನಗೊಂದು ಮುಖ್ಯವಾದ ವಿಷಯ ಹೇಳ್ಬೇಕು ಮಗಾ. ನಿನ್ನೆ ಲೈಬ್ರರಿಗೆ ಹೋಗಿದ್ದೆ, ಮಂಡಿನೋವಿನ ಪುಸ್ತಕ ವಾಪಸ್ ಕೊಡೋಕೆ. ಮಂಡಿನೋವು ನನಗೆ ಶುರುವಾಗಿದ್ದು ನನ್ನ ತಂಗಿ ಮದುವೇಲಿ..."

"ಮಿಸ್ ಕ್ಲಿಯೋರಾ, ದಯವಿಟ್ಟು ಆಮೇಲೆ."

"...ಆ ಮದುವೇಲಿ ಕುಣಿಬೇಡ ಅಂತ ಎಲ್ರೂ ಹೇಳಿದ್ರು..."

"ಆಮೇಲೆ!" ಎಂದು ಥರ್ಮನ್ ಆಕೆಯನ್ನು ಮೆಲ್ಲಗೆ ತಿರುಗಿಸಿ ಹೊರಗೆ ಕಳಿಸಿದ. ಕಾಲು ಗಂಟೆಯಲ್ಲಿ ಆಕೆ ಹಿಂಬಾಗಿಲಿಂದ ಬಂದಳು. ಅಲ್ಲಿಂದಲೂ ಕಳಿಸಿದ. ಮೂರನೆಯ ಸಲ ಕಿಟಕಿಯಲ್ಲಿ ಕಾಗದ ಬೀಸಿದಳು. ಥರ್ಮನ್ ಪರದೆ ಎಳೆದ. ನಾಲ್ಕನೆಯ ಸಲ ಬಂದಾಗ ಬೀದಿಯ ತುದಿಯಲ್ಲಿ ಮಂಡಳಿಯ ಬಿಳಿ ಕಾರು ನಿಂತದ್ದು ಕಂಡಿತು. ಬೇರೆ ದಾರಿ ತೋಚದೆ ಆಕೆಯನ್ನು ಪೈ ಸಮೇತ ಅಡಿಗೆಮನೆಗೆ ನೂಕಿ, "ಇಲ್ಲೇ ಕೂತಿರಿ, ಉಸಿರು ಬಿಡ್ಬೇಡಿ" ಎಂದು ಬಾಗಿಲು ಎಳೆದುಕೊಂಡ.

ತನಿಖೆಯ ಗಿಲ್ಪಿನ್ ಸೊರಗಿದ ಮನುಷ್ಯ. ಬೆವರಿನಲ್ಲಿ ಟೈ ಕತ್ತಿಗೆ ಅಂಟಿಕೊಂಡಿತ್ತು. ಒಳಗೆ ಬಂದವನು ಮೊದಲು ನೋಡಿದ್ದು ಮೆಟ್ಟಿಲಿಗೆ ಅಡ್ಡ ನಿಂತ ಮಂಚವನ್ನು.

"ಇದೇನ್ರೀ ಇದು?"

"ಮಗಳ ಮಂಚ ಸರ್. ಬಣ್ಣ ಹೊಡೆಸೋಣ ಅಂತ ಕೆಳಗಿಳಿಸ್ತಿದ್ವಿ."

ಸೋಫಾದಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ ತಬ್ಬಿ ಕುಳಿತಿದ್ದ ಡೆಲ್ಫೀನ್‌ಳ ಕಡೆ ಗಿಲ್ಪಿನ್ ತಿರುಗಿದ. "ನೀನು ದಿನಾ ಎಲ್ಲಿ ಮಲಗ್ತೀಯಮ್ಮ?"

"ಅದರ ಮೇಲೆ" ಎಂದು ಹುಡುಗಿ ಮಂಚ ತೋರಿಸಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಮನೆ ಯಜಮಾನಿ ಎಲ್ಲಿ?"

"ನಾನಿಲ್ಲಿದೀನಪ್ಪಾ, ಮೇಲೆ!" ಎಂದು ಅತ್ತೆ ಕೂಗಿದಳು. ಥರ್ಮನ್ ಕಣ್ಣು ಮುಚ್ಚಿಕೊಂಡ.

"ಮೇಡಂ, ಈ ಹುಡುಗಿ ನಿಮ್ಮ ಮನೇಲೇ ಇರೋದಾ?"

ಅತ್ತೆ ಒಂದು ಗಳಿಗೆ ಯೋಚಿಸಿದಳು. ನಿಜವನ್ನು ಬೇಕಾದಷ್ಟೇ ಬಡಿಸಿದರೆ ಪಾಪವಲ್ಲ ಎಂದು ಆಕೆಗೆ ಅನ್ನಿಸಿರಬೇಕು. "ಈಗ ನನ್ನ ಮನೇಲಿ ಇದಾಳೋ ಇಲ್ವೋ ನೀವೇ ನೋಡಿ. ಈ ಹುಡುಗಿ ಹುಟ್ಟಿದಾಗಿಂದ ನನ್ನ ಮನೇಲಿ ತಿಂದಿರೋ ಕೋಳಿ ಲೆಕ್ಕ ಹಾಕಿದ್ರೆ ಒಂದು ಫಾರಮ್ಮೇ ಖಾಲಿ."

ಗಿಲ್ಪಿನ್ ಬರೆದುಕೊಂಡ. ಕರೆಂಟ್ ಬಿಲ್ಲು ನೋಡಿದ, ಲೈಸೆನ್ಸು ನೋಡಿದ. ಮಂಚದಾಚೆ ಮೇಲಿದ್ದ ಬಚ್ಚಲಿನ ಸುದ್ದಿ ಎತ್ತಲೇ ಇಲ್ಲ. ಥರ್ಮನ್ ತಡೆಯಲಾರದೆ, "ಸರ್, ಮಗಳ ಬ್ರಷ್ಷು ನೋಡಲ್ವಾ?" ಎಂದು ಜೇಬಿನಿಂದ ಎತ್ತಿ ತೋರಿಸಿದ. ಅಂಗಿ ಎದೆಯವರೆಗೂ ಒದ್ದೆಯಾಗಿತ್ತು.

"ಬ್ರಷ್ಷಾ? ಅದ್ಯಾಕ್ರೀ ನನಗೆ?" ಎಂದು ಗಿಲ್ಪಿನ್ ಹಾಳೆ ತಿರುವಿದ. "ಒಂದೇ ಒಂದು ತೊಡಕು. ಬೀಸ್ಲಿ ಕುಟುಂಬ ಇರೋದು 418ರಲ್ಲಿ ಅಲ್ಲ, ಎದುರಿನ 417ರಲ್ಲಿ ಅಂತ ನೆರೆಯವರೊಬ್ಬರು ಕಚೇರಿಗೆ ಫೋನ್ ಮಾಡಿ ಹೇಳಿದಾರೆ. ವಯಸ್ಸಾದ ಹೆಂಗಸು."

ಥರ್ಮನ್‌ನ ಮೈ ಉರಿದುಹೋಯಿತು. ಬೀದಿಯ ಅರ್ಧ ಮಕ್ಕಳು ಎದುರು ಮನೆಯ ನಂಬರಿನಲ್ಲಿ ಓದುತ್ತಿರುವಾಗ, ಒಬ್ಬರನ್ನೊಬ್ಬರು ಹಿಡಿದುಕೊಡುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಬೆಳಗ್ಗೆಯಿಂದ ಪೈ ಹಿಡಿದು ಸುತ್ತುತ್ತಿದ್ದದ್ದು ಇದಕ್ಕೇ! ತಪ್ಪೊಪ್ಪಿಕೊಳ್ಳೋಕೆ!

"ಸರ್, ಆಕೆ ನನಗೆ ಗೊತ್ತು" ಎಂದ ಥರ್ಮನ್. "419ರ ಮುದುಕಿ. ತಲೆ ಸರಿ ಇಲ್ಲ, ಪಾಪ. ನಿನ್ನೆ ತಿಂದದ್ದು ಇವತ್ತು ನೆನಪಿರಲ್ಲ. ಯಾರ ಮನೆ ಯಾವುದು ಅಂತ ಅವಳಿಗೆ ತಿಳಿದ್ರೆ ತಾನೆ?"

"ಹಾಗಂತ ಬರ್ಕೊಳ್ಳಲಾ?"

"ದಪ್ಪಕ್ಷರದಲ್ಲಿ ಬರ್ಕೊಳ್ಳಿ."

ಅಡಿಗೆಮನೆಯಲ್ಲಿ ಚಮಚವೊಂದು ನೆಲಕ್ಕೆ ಬಿದ್ದ ಸದ್ದಾಯಿತು.

ಥರ್ಮನ್ ಬಲಗೈ ಎತ್ತಿ, ತಾನೂ ತನ್ನ ಸಂಸಾರವೂ ವಾಸಿಸುವುದು 418ರಲ್ಲೇ ಎಂದು ಪ್ರಮಾಣ ಮಾಡಿ ಸಹಿ ಹಾಕಿದ. ಗಿಲ್ಪಿನ್ ಮೊಹರು ಒತ್ತಿ, ಮೊದಲ ಸಲ ನಕ್ಕ.

"ನಿಮ್ಮ ಮೇಲೆ ಅನುಮಾನ ಇತ್ತು, ಈಗ ಹೋಯ್ತು. ಮಗಳನ್ನ ಮೂರನೇ ತಾರೀಕು ಕ್ರೇನ್ ಶಾಲೆಗೆ ಕಳಿಸಿ."

"ಲಿಂಡನ್ ಅನ್ನಿ ಸರ್."

"ಕ್ರೇನ್. ಹೊಸ ನಕ್ಷೆ ಬಂದಿದೆಯಲ್ಲ? ಸರಿಸಂಖ್ಯೆಯವರು ಕ್ರೇನ್‌ಗೆ, ಬೆಸ ಸಂಖ್ಯೆಯವರು ಲಿಂಡನ್‌ಗೆ. ಈ ಬೀದಿಯ ಸರಿಸಂಖ್ಯೆ ಕಡೆ ಹತ್ತೊಂಬತ್ತು ಮನೆ, ಅದರಲ್ಲಿ ಅರವತ್ಮೂರು ಮಕ್ಕಳು! ಲಿಂಡನ್‌ನಲ್ಲಿ ಕೂರೋಕೆ ಜಾಗ ಇಲ್ಲ. ಬೆಸ ಕಡೆ ನೋಡಿದ್ರೆ ಕಾಗದದ ಮೇಲೆ ಎಲ್ಲಾ ಮುದುಕರೇ, ಮಕ್ಕಳೇ ಇಲ್ಲ. ಅದಕ್ಕೇ ಮಂಡಳಿ ಅದಲುಬದಲು ಮಾಡ್ತು. ಸಮಾನತೆ ಬರಲಿ ಅಂತ."

ಸೂರು ರಿಪೇರಿ ಮಾಡುವುದರ ಬದಲು ಅದರ ಕೆಳಗೆ ನೆನೆಯುವ ಮಕ್ಕಳನ್ನು ಬದಲಾಯಿಸುವುದೇ ಸಮಾನತೆ ಎಂದು ನಮ್ಮ ಮಂಡಳಿಗೆ ಯಾರು ಕಲಿಸಿದರೋ ಕಾಣೆ. ಥರ್ಮನ್‌ನ ಬಾಯಿ ತೆರೆದುಕೊಂಡಿತು.

"ನಮಗ್ಯಾರೂ ಹೇಳ್ಲಿಲ್ಲವಲ್ಲ ಸರ್!"

"ಮೂರು ಕಾಗದ ಹಾಕಿದ್ವಿ. 417ಕ್ಕೆ. ಮೂರೂ ವಾಪಸ್ ಬಂತು, ಈ ಹೆಸರಿನವರು ಇಲ್ಲಿ ಇಲ್ಲ ಅಂತ."

"ಸರ್, ನಾನು 417ರವನೇ! ಹನ್ನೆರಡು ವರ್ಷದಿಂದ ಅಲ್ಲೇ ಇದೀನಿ. ನೋಡಿ, ಆ ಹಸಿರು ಬಾಗಿಲು ನಂದು!"

"ಈಗ ತಾನೆ ಪ್ರಮಾಣ ಮಾಡಿದ್ರಲ್ಲ?"

"ಅದು ಸುಳ್ಳು."

"ಪ್ರಮಾಣ ಮಾಡಿ ಸುಳ್ಳು ಹೇಳಿದವರಿಗೆ ಬೇರೆ ಫಾರಂ ಇದೆ. ಅದನ್ನ ತುಂಬಿದ್ರೆ ಸೀದಾ ಕೋರ್ಟಿಗೆ ಹೋಗುತ್ತೆ. ಕೊಡ್ಲಾ?"

"ಬೇಡ."

ಗಿಲ್ಪಿನ್ ಕೆಟ್ಟ ಮನುಷ್ಯನೇನಲ್ಲ. ಡೆಲ್ಫೀನ್‌ಳ ಮುಖ ನೋಡಿ ಸ್ವಲ್ಪ ಕರಗಿದ. "ಒಂದು ದಾರಿ ಇತ್ತು. ನೀವು 417ರಲ್ಲೇ ಇರೋದು ಅಂತ ಫೋನ್ ಮಾಡಿದ್ರಲ್ಲ, ಆಕೆ ಸಾಕ್ಷಿ ಹೇಳಿದ್ರೆ ಈಗಲೇ ತಿದ್ದಬಹುದಿತ್ತು. ಆದರೆ ಆಕೆಗೆ ತಲೆ ಸರಿ ಇಲ್ಲವಲ್ಲ, ಪಾಪ."

ಅಡಿಗೆಮನೆಯ ಬಾಗಿಲು ತೆರೆಯಿತು. ಮಿಸ್ ಕ್ಲಿಯೋರಾ ಹೊರಗೆ ಬಂದು, ಮಡಚಿದ ಕಾಗದವನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಲೈಬ್ರರಿಯಿಂದ ತಂದ ಹೊಸ ನಕ್ಷೆ. 417ರ ಸುತ್ತ ನಡುಗುವ ಕೈಯಲ್ಲಿ ಕೆಂಪು ಪೆನ್ಸಿಲಿನಿಂದ ಗುಂಡಗೆ ಗುರುತು ಹಾಕಿತ್ತು. ಪಕ್ಕದಲ್ಲಿ 'ಡೆಲ್ಫೀನ್ – ಲಿಂಡನ್' ಎಂದು ಬರೆದಿತ್ತು.

ಥರ್ಮನ್‌ಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ನಾಚಿಕೆಪಡುತ್ತ ಕೂರಲು ಹೊತ್ತೆಲ್ಲಿತ್ತು? "ಮಿಸ್ ಕ್ಲಿಯೋರಾ, ತಪ್ಪಾಯ್ತು, ಕಾಲಿಗೆ ಬೀಳ್ತೀನಿ! ಹೇಳಿ, ಇವರಿಗೆ ಹೇಳಿ, ನಾನು ನಿಮ್ಮ ಪಕ್ಕದ ಮನೆಯವನು ಅಂತ ಹೇಳಿ!"

ಆಕೆ ಕನ್ನಡಕ ಸರಿಮಾಡಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವನ್ಯಾರೋ ನನಗೆ ಗೊತ್ತಿಲ್ಲಪ್ಪಾ" ಎಂದಳು ಗಿಲ್ಪಿನ್‌ಗೆ. "ನೆನಪು ಸಾಲದು ನೋಡಿ. ನಿನ್ನೆ ತಿಂದದ್ದೇ ಇವತ್ತು ನೆನಪಿರಲ್ಲ. ಬೇಕಿದ್ರೆ ನಿಮ್ಮ ಹಾಳೇಲೇ ಇದೆ, ದಪ್ಪಕ್ಷರದಲ್ಲಿ."

ಅಷ್ಟು ಹೇಳಿ ಪೈ ಎತ್ತಿಕೊಂಡು, ಮಂಡಿನೋವಿನ ಕಾಲೆಳೆಯುತ್ತ ಹಳದಿ ಗೆರೆ ದಾಟಿ ಲಿಂಡನ್ ಕಡೆಯ ತನ್ನ ಮನೆಗೆ ಹೊರಟುಹೋದಳು. ಗಿಲ್ಪಿನ್ ಆಕೆಯ ಹಿಂದೆಯೇ ಹೊರಟ; ಅವನಿಗೆ ಇನ್ನೂ ಏಳು ಮನೆಗಳಿದ್ದವು.

"ಲೋ ಥರ್ಮನ್, ಎಲ್ಲಾ ಸರಿಹೋಯ್ತೇನೋ?" ಎಂದು ಮಂಚದಾಚೆಯಿಂದ ಅತ್ತೆ ಕೂಗಿದಳು. ಅವನು ಒದ್ದೆ ಬ್ರಷ್ಷು ಹಿಡಿದು ಸೋಫಾದ ಮೇಲೆ ಕುಸಿದ. ಡೆಲ್ಫೀನ್ ಹತ್ತಿರ ಸರಿದು ಕುಳಿತಳು.

"ಅಪ್ಪಾ, ಕ್ರೇನ್‌ನಲ್ಲಿ ವಾದ್ಯ ಏನೂ ಇಲ್ವಾ?"

"ಬಕೆಟ್ ಇದೆ ಮಗಳೇ" ಎಂದ ಥರ್ಮನ್. "ಹನ್ನೊಂದು."