ಗಂಡು ಮೆಷಿನ್ನುಗಳೂ ನಮ್ಮ ಅತ್ತಿಗೆಯೂ

ತೋಟದ ಮೆಷಿನ್ ಫಿಟ್ಟಿಂಗು, ರಿಪೇರಿ ನನ್ನ ಕಸುಬು. ಯಾವ ಮೆಷಿನ್ನಿನ ಡಬ್ಬ ಒಡೆದ್ರೂ ಒಳಗಿನ ಪುಸ್ತಕದಲ್ಲಿ ಪ್ಯಾಂಟು ಹಾಕಿದ ಗಂಡಸೊಬ್ಬ ನಗ್ತಾ ನಿಂತಿರ್ತಾನೆ. ತೋಟಕ್ಕೆ ಹೋಗಿ ನೋಡಿದ್ರೆ ಅದನ್ನ ನಡೆಸೋಳು ಹೆಂಗಸು. ಹಿಂಗಾಗಿ ನನಗೆ ಒಂದಲ್ಲ ಒಂದು ತಮಾಷೆ ಸಿಗ್ತಾನೇ ಇರುತ್ತೆ. ಅದರಲ್ಲಿ ಸಿಂಹಪಾಲು ಅಮೃತೂರಿನ ನಮ್ಮ ಅತ್ತಿಗೇದು. ಅಣ್ಣನಿಗೆ ಅಂತರಸನಹಳ್ಳಿ ಫ್ಯಾಕ್ಟರೀಲಿ ಕೆಲಸ. ವಾರವೆಲ್ಲ ಉಪ್ಪಾರಹಳ್ಳಿಯ ನಮ್ಮನೇಲಿರ್ತಾನೆ, ಭಾನುವಾರ ಮಾತ್ರ ಊರು. ತೆಂಗಿನ ತೋಟ ಪೂರ್ತಿ ಅತ್ತಿಗೆ ತಲೆ ಮೇಲೆ. ಯಾರನ್ನೂ ಕಾಯದೆ ತಾನೇ ನಡೆಸ್ಬೇಕು ಅನ್ನೋದು ಅವರ ಹಟ.

ಮರ ಹತ್ತೋ ಮೆಷಿನ್

ಕಾಯಿ ಕೀಳೋರು ಸಿಗಲ್ಲ ಅಂತ ಅತ್ತಿಗೆ ಮರ ಹತ್ತೋ ಮೆಷಿನ್ ತರಿಸಿದ್ರು. ಕಾಲಿಡೋ ಪಟ್ಟಿ ಗಂಡಸರ ಪಾದದ ಅಳತೇದು, ಅತ್ತಿಗೆ ಕಾಲು ಅದರೊಳಗೆ ಲೊಡಲೊಡ ಅನ್ನೋದು. ಸೀರೆ ಬೇರೆ ಸಿಕ್ಕಾಕ್ಕೊಳ್ಳೋದು. ಬೇಡ ಬಿಡಿ ಅತ್ತಿಗೆ, ವಾಪಸ್ ಕಳಿಸ್ತೀನಿ ಅಂದೆ. ಅವರು ಒಳಗೆ ಹೋಗಿ ಅಣ್ಣನ ಫ್ಯಾಕ್ಟರಿ ಪ್ಯಾಂಟು, ಎರಡು ಜೊತೆ ಕಾಲುಚೀಲ, ಅದರ ಮೇಲೆ ಶೂ ಹಾಕ್ಕೊಂಡು ಬಂದ್ರು. ಸೊಂಟದ ಬೆಲ್ಟು ಗಟ್ಟಿ ಇದೆಯಾ ಅಂತ ನಾನು ಮತ್ತೆ ಮತ್ತೆ ನೋಡಿದೆ. ಭಾನುವಾರ ಅಂತ ಊರಲ್ಲೇ ಇದ್ದ ಅಣ್ಣ ಮರವನ್ನ ತಬ್ಬಿ ಹಿಡ್ಕೊಂಡು ನಿಂತ. ನೋಡ್ತಾ ನೋಡ್ತಾ ಅತ್ತಿಗೆ ಗರಿ ಹತ್ರ ಹೋದ್ರು. ಅಬ್ಬಾ, ಅಷ್ಟೆತ್ತರದಲ್ಲಿ ಅಡುಗೆಮನೇಲಿ ಕೂತಷ್ಟೇ ಆರಾಮಾಗಿ ಕುಡುಗೋಲು ಬೀಸ್ತಿದ್ರು. ಆಮೇಲೆ ಕೆಳಗೆ ನೋಡಿ, "ರೀ, ಮರ ಬುಡ್ರಿ. ಅದೆಲ್ಲೂ ಓಡೋಗಲ್ಲ. ಕಾಯಿ ನಿಮ್ಮ ತಲೆ ಮೇಲೇ ಬೀಳೋದು" ಅಂದ್ರು.

ಲೇಡೀಸ್ ಮಾಡೆಲ್

ಅತ್ತಿಗೆ ತವರು ಗುಬ್ಬಿ. ಅಲ್ಲೇ ಸ್ಕೂಟರ್ ತಗೊಳ್ಳೋಣ ಅಂತ ಮೂವರೂ ಹೋದ್ವಿ. ಅಂಗಡಿಯವನು ಮೈಲೇಜು, ಇಂಜಿನ್ನು ಎಲ್ಲಾನೂ ಅಣ್ಣನಿಗೇ ವಿವರಿಸಿದ. ಅಣ್ಣನಿಗೆ ಸೈಕಲ್ ಬಿಟ್ರೆ ಏನೂ ಓಡಿಸೋಕೆ ಬರಲ್ಲ, ಆದ್ರೂ ತಲೆ ಆಡಿಸಿದ. ಆಮೇಲೆ ಅಂಗಡಿಯವನು ಅತ್ತಿಗೆ ಕಡೆ ತಿರುಗಿ, ಇದು ಲೇಡೀಸ್ ಸ್ಪೆಷಲ್ ಮೇಡಂ ಅಂತ ಗುಲಾಬಿ ಬಣ್ಣದ ಗಾಡಿ ತೋರಿಸಿದ. ಲೇಡೀಸ್‌ಗೆ ಅಂತ ಇದ್ರಲ್ಲಿ ಏನೈತೆ ಅಂತ ಇವರು ಕೇಳಿದ್ರು. ಕಲರ್ರು ಅಂದ. ಅತ್ತಿಗೆ ಬಗ್ಗಿ ಕಾಲಿಡೋ ಜಾಗಕ್ಕೆ ಗೇಣು ಹಾಕಿ, "ಇಲ್ಲಿ ಕಾಯಿ ಮೂಟೆ ಕೂರಲ್ಲ ಕಣಪ್ಪ. ಮೂಟೆ ಕೂರೋ ಲೇಡೀಸ್ ಮಾಡೆಲ್ ತೋರ್ಸು" ಅಂದ್ರು. ಅಲ್ಲಿಂದಾಚೆ ಅವನು ಅಣ್ಣನ ಕಡೆ ತಿರುಗಲೇ ಇಲ್ಲ. ಕಾಲಿನ ಹತ್ರ ಅಗಲ ಜಾಗ ಇರೋ ಕಪ್ಪು ಗಾಡಿ ತಗೊಂಡು, ಅಣ್ಣನ್ನ ಹಿಂದೆ ಕೂರಿಸ್ಕೊಂಡು ಅತ್ತಿಗೆ ಊರಿಗೆ ಹೊರಟ್ರು. ದಾರೀಲಿ ಪರಿಚಯದವರು ಕೇಳಿದ್ದಕ್ಕೆ ಅಣ್ಣ, ಹಿಂದಿನ ಸೀಟು ಟ್ರಯಲ್ ನೋಡ್ತಾ ಇದೀನಿ ಅಂದನಂತೆ.

ಮಾಲೀಕರ ಧ್ವನಿ

ಕಳ್ಳರ ಕಾಟ ಅಂತ ಅಣ್ಣ ಮೋಟ್ರಿಗೆ ಹೊಸ ನಮೂನೆ ಸ್ಟಾರ್ಟರ್ ಡಬ್ಬ ತಂದ. ಸ್ವಿಚ್ಚೇ ಇಲ್ಲ. ಮಾಲೀಕರು ಆ ಡಬ್ಬದ ಎದುರು ನಿಂತು ಬಾಯಲ್ಲಿ ಹೇಳಿದ್ರೆ ಮಾತ್ರ ಮೋಟ್ರು ಓಡುತ್ತೆ. ಪಹಣಿ ಅಣ್ಣನ ಹೆಸರಲ್ಲಿದೆ, ಅದಕ್ಕೇ ಅವನ ಧ್ವನಿ ಸೇರಿಸಿದ್ವಿ. ಸೋಮವಾರ ಅಣ್ಣ ಡ್ಯೂಟಿಗೆ ಬಂದ, ಧ್ವನಿಯೂ ಜೊತೆಗೇ ಬಂತು. ಅಲ್ಲಿ ಅತ್ತಿಗೆ ಮಕ್ಕಳ ಥರ ಸಾಕಿದ್ದ ತೆಂಗಿನ ಸಸಿಗಳು ಬಿಸಿಲಿಗೆ ಬಾಡ್ತಿದ್ವು. ಅವರು ಎಷ್ಟು ಹೇಳಿದ್ರೂ ಡಬ್ಬ, 'ಧ್ವನಿ ಗುರುತಿಸಲಾಗಲಿಲ್ಲ' ಅನ್ನೋದು. ಅಣ್ಣನಿಗೆ ಫೋನ್ ಮಾಡೋಣ ಅಂದ್ರೆ ಅವನ ಫೋನು ಫ್ಯಾಕ್ಟರಿ ಲಾಕರ್‌ನಲ್ಲಿ. ಕೊನೆಗೆ ನನಗೆ ಫೋನ್ ಮಾಡಿದ್ರು.

ನಾನು ಬಿದ್ದು ಎದ್ದು ಅಮೃತೂರಿಗೆ ಹೋಗೋ ಹೊತ್ತಿಗೆ ಸಸಿ ಬುಡದಲ್ಲಿ ನೀರು ಹರೀತಿತ್ತು. ಹೆಂಗೆ ಅಂತ ಕೇಳಿದೆ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು, ಗಂಟಲು ಕ್ಯಾಕರಿಸಿ, ಥೇಟ್ ಅಣ್ಣನ ದನೀಲಿ ಮೋಟ್ರಿಗೆ ಗದರಿ ತೋರಿಸಿದ್ರು. ಅಣ್ಣನೇ ಬಂದ್ನಾ ಅಂತ ನಾನು ಹಿಂದೆ ತಿರುಗಿ ನೋಡಿದೆ. ಇಷ್ಟು ವರ್ಷ ಬೈಸ್ಕೊಂಡಿದೀನಿ, ಅಷ್ಟೂ ಬರಲ್ವಾ ಅಂದ್ರು.

ಭಾನುವಾರ ಅಣ್ಣ ಶೀತ ಹಿಡಿದು ಗಂಟಲು ಕಟ್ಟಿಸ್ಕೊಂಡು ಊರಿಗೆ ಬಂದ. ಈಗ ಡಬ್ಬ ಅವನನ್ನೇ ಗುರುತಿಸಲಿಲ್ಲ. ನಾನೇ ಕಣೋ ಮಾಲೀಕ ಅಂತ ಪಿಸುಗುಟ್ಟಿ ಪಿಸುಗುಟ್ಟಿ ಸುಸ್ತಾಗಿ ಕೂತ. ಅತ್ತಿಗೆ ಧ್ವನೀನೂ ಸೇರಿಸಿಬಿಡೋಣ ಕಣಣ್ಣ ಅಂದೆ. ಹೂಂ ಅಂತ ತಲೆ ಆಡಿಸಿದ. ಮುಚ್ಚಳ ತೆಗೆದು ಸೆಟ್ಟಿಂಗ್ ಒತ್ತಿದೆ. 'ಹೊಸ ಧ್ವನಿ ಸೇರಿಸಲು ಮಾಲೀಕರ ಧ್ವನಿಯಲ್ಲಿ ಒಪ್ಪಿಗೆ ಬೇಕು' ಅಂತು ಡಬ್ಬ.

ಅತ್ತಿಗೆ ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿ, ಡಬ್ಬದ ಮುಂದೆ ನಿಂತು, ಅಣ್ಣನ ದನೀಲೇ ಗತ್ತಾಗಿ ಹೇಳಿದ್ರು: "ನನ್ ಹೆಂಡ್ತಿ ದನೀನೂ ಸೇರಿಸ್ಕೊಳಯ್ಯ. ನಂದು ಒಪ್ಪಿಗೆ ಐತೆ."

ಡಬ್ಬ ಒಂದು ಗಳಿಗೆ ಯೋಚನೆ ಮಾಡಿ, 'ಧನ್ಯವಾದ, ಸರ್' ಅಂತು.