ಹೊಸ ಎಣ್ಣೆ ಬಂಡಿಗೆ, ಹಳೆ ಎಣ್ಣೆ ಕಾರಿಗೆ

ತಮ್ಮದು ಗಟ್ಟಿ ಗುಂಡಿಗೆ ಎಂದು ಜಂಬ ಕೊಚ್ಚುವವರು ಒಂದು ಸಲ ಹಳೆಯ ಸ್ಪೋರ್ಟ್ಸ್ ಕಾರು ಸಾಕಿ ನೋಡಬೇಕು. ಡಾಕ್ಟರು ಎದೆಗೆ ವೈರು ಹಚ್ಚಿ ಕಂಡುಹಿಡಿಯಲಾಗದ್ದನ್ನು ಅದು ಒಂದೇ ವಾರದಲ್ಲಿ ಕಂಡುಹಿಡಿಯುತ್ತದೆ. ನಾನು ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. "ಸ್ವಲ್ಪ ನಗ್ರಿ" ಎಂದು ಗದರಿಸಿ ಮಂದಿಯನ್ನು ನಗಿಸುವುದು ನನ್ನ ಕಸುಬು. ಆದರೆ ಆ ಭಾನುವಾರ ಯಾರಾದರೂ ನನ್ನ ಫೋಟೋ ತೆಗೆದಿದ್ದರೆ, ಅದನ್ನು ಯಾವ ಕಾರ್ಡಿಗೂ ಅಂಟಿಸುವಂತಿರಲಿಲ್ಲ. ಬಾಯಿ ಅಷ್ಟು ಅಗಲ ತೆರೆದಿತ್ತು.

ಕಾರು ಕೆಂಪು ಬಣ್ಣದ್ದು, ಎರಡೇ ಸೀಟಿನದು, ನೆಲಕ್ಕೆ ಕುಂಡಿ ತಾಗುವಷ್ಟು ಗಿಡ್ಡ. ಹೊಸಪೇಟೆಯ ಗುತ್ತಿಗೆದಾರರೊಬ್ಬರು ಬೊಜ್ಜು ಬಂದು ಅದರೊಳಗೆ ಹಿಡಿಸದಾದಾಗ ನನಗೆ ದಾಟಿಸಿದರು. ನಮ್ಮ ಊರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರ ಬುಡಕ ಬೆಕ್ಕು ಹೋಗಬೌದು, ನಾ ಹೋಗಂಗಿಲ್ಲ" ಎಂದು ಕೈಮುಗಿದುಬಿಟ್ಟ. ಅಂದಿನಿಂದ ನಾನೇ ಮೆಕ್ಯಾನಿಕ್, ನಾನೇ ಮಾಲೀಕ, ಬೈಸಿಕೊಳ್ಳುವವನೂ ನಾನೇ.

ಹೋದ ಮಳೆಗಾಲದಿಂದ ಅದಕ್ಕೊಂದು ಹೊಸ ರೋಗ ಹತ್ತಿತ್ತು. ರಿವರ್ಸ್ ಗೇರು ಹಾಕಿದರೆ ಸಾಕು, "ಗರ್‍ರ್‍ರ್" ಎಂದು ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂತೆ ಕೂಗುತ್ತಿತ್ತು. ನನ್ನ ಹೆಂಡತಿ ಗಿರಿಜಳ ತವರು ಹರಪನಹಳ್ಳಿ ಕಡೆಯ ಬಾಗಳಿ. ಅಲ್ಲಿ ಅವರ ಮನೆಯ ಓಣಿ ಮುಂದಕ್ಕೆ ಹೋಗಿ ಮುಚ್ಚಿಕೊಂಡುಬಿಡುತ್ತದೆ. ಹಿಂದಕ್ಕೆ ಬಾರದೆ ಗತಿಯಿಲ್ಲ. ಕಳೆದ ಸಲ ಆ ಗರ್‍ರ್ ಸದ್ದಿಗೆ ಅವಳ ದೊಡ್ಡಪ್ಪ ಕಟ್ಟೆಯಿಂದ ಬೀಳುವುದೊಂದು ಬಾಕಿ. ಮನೆಗೆ ಬಂದವಳೇ ತೀರ್ಪು ಕೊಟ್ಟಳು: "ಸೋಮವಾರ ಮತ್ತ ತವರಿಗೆ ಹೋಗೂದೈತಿ. ಅಲ್ಲಿ ಇನ್ನೊಂದ್ಸಲ ಗರ್‍ರ್ ಅಂತು ಅಂದ್ರ, ಮಂಗಳವಾರ ಗುಜರಿಯವನ್ನ ನಾನ ಕರಸ್ತೀನಿ. ನೋಡ್ಕೊಳ್ರಿ."

ಗಿರಿಜ ಹೇಳಿದ್ದನ್ನು ಮಾಡುವ ಪೈಕಿ. ನನ್ನ ಹಳೆಯ ಸ್ಕೂಟರ್ ಹೋದದ್ದೂ ಹೀಗೆಯೇ. ಹೀಗಾಗಿ ಊಟ ಸೇರದೆ ಯೂಟ್ಯೂಬ್ ಹಿಡಿದು ಕೂತೆ. ಗೇರ್ ಆಯಿಲ್ ಹಳತಾಗಿದೆ, ರೋಗವೆಲ್ಲ ಅದರಲ್ಲೇ ಎಂದು ತೀರ್ಮಾನಿಸಿದೆ. ಈ ಕಾರಿನ ಗೇರ್‌ಬಾಕ್ಸಿಗೆ ಕಂಡಕಂಡ ಎಣ್ಣೆ ಆಗಿಬರುವುದಿಲ್ಲ. ಬೆಂಗಳೂರಿನಿಂದ ತರಿಸಿದೆ. ಡಬ್ಬಿಯ ಮುಚ್ಚಳ ತೆಗೆದರೆ ಕೊಳೆತ ಉಳ್ಳಾಗಡ್ಡಿಯ ವಾಸನೆ, ಆದರೆ ಬಣ್ಣ ಮಾತ್ರ ಜೇನುತುಪ್ಪದ್ದು. ಎಳೆಗೂಸನ್ನು ಎತ್ತಿಕೊಂಡಂತೆ ಡಬ್ಬಿಯನ್ನು ಎದೆಗೆ ಅವಚಿಕೊಂಡು ಅಂಗಳಕ್ಕೆ ತಂದೆ.

ಚಪ್ಪಡಿ ಕಲ್ಲುಗಳನ್ನು ಪೇರಿಸಿ ಕಾರು ಹತ್ತಿಸಿದ್ದಾಯಿತು. ಹಾಸಿಕೊಳ್ಳಲು ಏನೂ ಸಿಗಲಿಲ್ಲ. ಕಾರಿನೊಳಗೆ ನನ್ನ ಕಾಲ ಬುಡಕ್ಕೆ, ತಗಡು ಕಾಯುತ್ತದೆಂದು ಅವ್ವ ಮಡಚಿ ಹಾಸಿದ್ದ ದಪ್ಪ ಗೋಣಿತಾಟು ಇತ್ತು. ಅದನ್ನೇ ಎಳೆದು ನೆಲಕ್ಕೆ ಹಾಕಿ, ಅದರ ಮೇಲೆ ಮಲಗಿ ಕಾರಿನ ಹೊಟ್ಟೆಯ ಕೆಳಗೆ ತೂರಿಕೊಂಡೆ. ಎಣ್ಣೆ ತುಂಬುವ ಮೇಲಿನ ಬಿರಡೆಯನ್ನು ಮೊದಲು ಸಡಿಲಿಸಬೇಕು, ಇಳಿಸುವ ಕೆಳಗಿನ ಬಿರಡೆಯನ್ನು ಆಮೇಲೆ ಬಿಚ್ಚಬೇಕು. ಇಲ್ಲವಾದರೆ ಖಾಲಿ ಮಾಡಿ ತುಂಬಲಾಗದೆ ಅಳಬೇಕಾಗುತ್ತದೆ. ಅದನ್ನೂ ಸರಿಯಾಗಿಯೇ ಮಾಡಿದೆ. ಕಪ್ಪು ಎಣ್ಣೆ ಬೋಗುಣಿಗೆ ಇಳಿಯತೊಡಗಿತು. ಇಷ್ಟು ಜಾಣ ಗಂಡನನ್ನು ಗಿರಿಜ ಯಾವ ಜನ್ಮದ ಪುಣ್ಯದಿಂದ ಪಡೆದಳೋ ಎಂದು ಬುಡದಲ್ಲೇ ಮಲಗಿ ಬೆರಗಾದೆ.

ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಗಿರಾಕಿ ಬಂದಿದ್ದಾರೆಂದು ಸ್ಟುಡಿಯೋದಿಂದ ಫೋನು. ಹನಿ ಹನಿಯೂ ಇಳಿಯಲಿ ಎಂದುಕೊಂಡು ಹೋದೆ. ತಿರುಗಿ ಬಂದಾಗ ಬೋಗುಣಿ ತೊಳೆದು ಬೋರಲು ಹಾಕಿತ್ತು. ಡಬ್ಬಿ ಮಾತ್ರ ಇಟ್ಟಲ್ಲೇ ಇತ್ತು. ಒಳಗೆ ಇಣುಕಿದೆ. ಕಪ್ಪು!

"ಅವ್ವಾ!" ಎಂದು ಕೂಗಿದ ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

ಅವ್ವ ನಿಧಾನವಾಗಿ ಹೊರಗೆ ಬಂದಳು. "ಯಾಕಲೇ, ಹಾವು ಕಂಡಾರಂಗ ಒದರ್ತಿ? ಮಗ್ಗಲ ಮನಿ ಬಸಣ್ಣ ಬಂಡಿ ಗಾಲಿಗೆ ಸುಟ್ಟ ಎಣ್ಣಿ ಕೇಳಾಕ ಬಂದಿದ್ದ. ಕೊಟ್ಟೆ."

"ಸುಟ್ಟ ಎಣ್ಣಿ ಇಲ್ಲೇ ಐತಲ್ಲಬೇ!"

"ಮತ್ತ? ಮಂದಿ ಮನಿ ಬಾಗಿಲಿಗೆ ಬಂದು ಕೈ ಒಡ್ಡಿದ್ರ ಹೊಲಸು ಕೊಡ್ತಾರೇನು? ಕೊಡೂದಾದ್ರ ಚಲೋದು ಕೊಡಬೇಕು. ಹೊಲಸು ನಮಗಿರಲಿ. ಅದಕ್ಕ ಸೋಸಿ ಇಟ್ಟೀನಿ."

ಇದು ಅವ್ವನ ಹುಟ್ಟುಗುಣ. ಯಾರಾದರೂ ಮಜ್ಜಿಗೆ ಕೇಳಿ ಬಂದರೆ ಗಟ್ಟಿ ಮೊಸರು ಅವರಿಗೆ, ನೀರು ಮಜ್ಜಿಗೆ ನಮಗೆ. ಕಡುಬು ಬೀರುವಾಗಲೂ ಒಡೆದವೆಲ್ಲ ನನ್ನ ತಾಟಿಗೇ ಬೀಳುತ್ತವೆ. ಆದರೆ ಗೇರ್ ಆಯಿಲಿಗೂ ಇದೇ ಧರ್ಮ ಅನ್ವಯಿಸೀತು ಎಂದು ಯಾವ ಯೂಟ್ಯೂಬಿನವನೂ ಎಚ್ಚರಿಸಿರಲಿಲ್ಲ.

"ಯಾವುದರಾಗ ಸೋಸಿದಿ?" ಎಂದೆ, ಕೇಳಬಾರದಿತ್ತು. ತಂತಿಯ ಮೇಲೆ ನನ್ನ ಮದುವೆಯ ಬಿಳಿ ಧೋತರ ನಡುವೆ ಕರ್‍ರಗೆ ತೋಯ್ದು ಜೋತುಬಿದ್ದಿತ್ತು.

ಬಸಣ್ಣನ ಮನೆಗೆ ಓಡಿದೆ. ತಡವಾಗಿತ್ತು. ಗಾಲಿಗೆ, ಅಚ್ಚಿಗೆ, ನೊಗಕ್ಕೆ, ಉಳಿದದ್ದನ್ನು ತಲಬಾಗಿಲಿಗೂ ಬಳಿದು ಮುಗಿಸಿದ್ದ. "ಏನು ಎಣ್ಣಿರೀ ಅಣ್ಣಾರ! ಗಾಲಿ ಮುಟ್ಟಿದ್ರ ಸಾಕು, ತಾನ ತಿರುಗತೈತಿ. ವಾಸನಿ ಒಂದೀಟು ಜೋರು, ಎತ್ತು ಸೀನಾಕತ್ಯಾವು" ಎಂದ. ಅಳಬೇಕೋ ನಗಬೇಕೋ ತಿಳಿಯದೆ "ಹೌದಾ" ಎಂದು ಬಂದೆ. ಬಂಡಿಯ ಅಚ್ಚಿನಿಂದ ಎಣ್ಣೆ ಕೆರೆದು ತರುವಷ್ಟು ಮಾನ ನಾನಿನ್ನೂ ಬಿಟ್ಟಿರಲಿಲ್ಲ.

ಬೇರೆ ಎಣ್ಣೆ ಬರಲು ವಾರ ಬೇಕು. ಸೋಮವಾರ ನಾಳೆಗೇ ಇತ್ತು. ಅವ್ವ ಸೋಸಿದ ಕಪ್ಪು ಎಣ್ಣೆಯನ್ನೇ ಪೈಪು ಹಚ್ಚಿ ತಿರುಗಿ ತುಂಬಿ, ಬಿರಡೆ ಬಿಗಿದು, ಕೊಟ್ಟೂರು ಬಸವೇಶ್ವರನ ಗುಡಿಯ ದಿಕ್ಕಿಗೆ ಕೈಮುಗಿದೆ. ಗಿರಿಜಳ ಮುಂದೆ ಉಸಿರೆತ್ತಲಿಲ್ಲ.

ದಾರಿಯುದ್ದಕ್ಕೂ ನನಗೆ ಗುಜರಿಯವನ ತಕ್ಕಡಿಯೇ ಕಣ್ಣ ಮುಂದೆ. ಬಾಗಳಿ ಬಂತು, ಓಣಿ ಬಂತು. ಬೇವಿನ ನೆರಳಿಗೆ ಹಿಂದಕ್ಕೆ ಸರಿಸಬೇಕು. ಕಣ್ಣು ಮುಚ್ಚಿ ರಿವರ್ಸ್ ಹಾಕಿದೆ. ಸದ್ದಿಲ್ಲ! ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ನನಗಾದ ದಿಗಿಲಿಗೆ ಗಾಡಿಯೇ ಆಫ್ ಆಯಿತು. "ಹೊಸ ಎಣ್ಣಿ ಅಂದ್ರ ಹೊಸ ಎಣ್ಣಿ ನೋಡ್ರಿ" ಎಂದು ಗಿರಿಜ ಎಲ್ಲರೆದುರು ಹೊಗಳಿದಳು. ನಾನು ಹೋಳಿಗೆ ತಿನ್ನುತ್ತ ಗೇರ್‌ಬಾಕ್ಸಿನ ಬಗ್ಗೆ ಭಾಷಣವನ್ನೇ ಬಿಗಿದೆ. ದೊಡ್ಡಪ್ಪನವರೂ ತಲೆದೂಗಿದರು.

ಹೊರಟಾಗ ಅತ್ತೆ ಕಾರಿನೊಳಗೆ ಇಣುಕಿ ಹಣೆ ಬಡಿದುಕೊಂಡರು. "ಅಯ್ಯ ಶಿವನ, ಕಾದ ತಗಡಿನ ಮ್ಯಾಲ ಅಳಿಯಂದ್ರು ಕಾಲಿಡ್ತಾರಲ್ಲಬೇ!" ಎಂದವರೇ ಒಳಗಿನಿಂದ ಹಳೆಯ ಕೌದಿ ತಂದು, ನಾಲ್ಕು ಮಡಿಕೆ ಮಾಡಿ, ಕಾಲ ಬುಡಕ್ಕೆ ತಾವೇ ಒತ್ತಿ ಒತ್ತಿ ಹಾಸಿದರು. ಅತ್ತೆಯ ಉಪಚಾರಕ್ಕೆ ಬೇಡ ಎನ್ನಲಾದೀತೇ? ಗತ್ತಿನಿಂದ ಕೂತೆ, ಕ್ಲಚ್ ಒತ್ತಿದೆ, ರಿವರ್ಸ್ ಗೇರು ಹಾಕಿದೆ.

"ಗರ್‍ರ್‍ರ್‍ರ್!"

ದೊಡ್ಡಪ್ಪ ಕಟ್ಟೆಯ ಅಂಚು ಹಿಡಿದುಕೊಂಡರು. ಗಿರಿಜ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ನನ್ನ ಎಡಗಾಲು ನೋಡಿದಳು. ಬಗ್ಗಿ ಕೌದಿಯನ್ನು ಸರಕ್ಕನೆ ಎಳೆದಳು. "ಈಗ ಒತ್ರಿ." ಒತ್ತಿದೆ. ಪೆಡಲ್ ತಳದವರೆಗೆ ಇಳಿಯಿತು. ಗೇರು ತುಟಿ ಪಿಟಕ್ಕೆನ್ನದೆ ಬಿತ್ತು. ಹೋದ ಮಳೆಗಾಲದಲ್ಲಿ ಅವ್ವ ಗೋಣಿತಾಟು ಹಾಸಿದ್ದು, ಅಂದಿನಿಂದ ಕ್ಲಚ್ಚು ಅರ್ಧಕ್ಕೇ ನಿಲ್ಲುತ್ತಿದ್ದದ್ದು, ನಾನು ಎಣ್ಣೆಯನ್ನು ಬೈದದ್ದು, ನಿನ್ನೆ ಆ ತಾಟನ್ನು ಅಂಗಳದಲ್ಲೇ ಬಿಟ್ಟು ಬಂದದ್ದು ಎಲ್ಲ ಒಟ್ಟಿಗೇ ತಲೆಗೇರಿತು.

ಓಣಿ ದಾಟಿದ ಮೇಲೆ ಗಿರಿಜ ಕೌದಿಯನ್ನು ತೊಡೆಯ ಮೇಲೆ ಮಡಚಿಕೊಳ್ಳುತ್ತ ಸಮಾಧಾನದಿಂದ ಅಂದಳು:

"ಕಾರು ಇರ್‍ಲಿ ಬಿಡ್ರಿ, ಚಲೋ ಐತಿ. ಗುಜರಿಯವಾ ನಿಮ್ಮನ್ನ ತಗೋತಾನೇನು ಕೇಳಿ ನೋಡ್ತೀನಿ."