ಹುಳುವಿನ ಮೇಲೆ ನನ್ನ ಹೆಸರು

ರೇಷ್ಮೆ ಹುಳು ಸಾಕುವವರಿಗಾಗಿ ನಾನು ತಯಾರಿಸಿದ ಆನ್‌ಲೈನ್ ಪಾಠ ಬಹಳ ಸೊಗಸಾಗಿತ್ತು. ಹಾಗಂತ ನನ್ನ ಲ್ಯಾಪ್‌ಟಾಪ್ ಒಪ್ಪಿಕೊಂಡಿತ್ತು. ಬೇರೆಯವರ ಯಂತ್ರಗಳನ್ನು ವಿಚಾರಿಸುವ ಅಗತ್ಯ ನನಗೆ ಕಾಣಲಿಲ್ಲ. ಮಾಗಡಿಯ ಮನೆಯಲ್ಲಿ ಕೂತು ತಿಪ್ಪಸಂದ್ರದ ತಂಗಿ ಜಯಮ್ಮನ ಫೋನಿಗೆ ಕಳಿಸಿಯೇಬಿಟ್ಟೆ. ಅವಳದು ಮೊದಲನೇ ಬೆಳೆ. ಹುಳುಗಳು ಹಣ್ಣಾಗುವ ಹೊತ್ತು. ಹಣ್ಣಾದವನ್ನು ಗುರುತಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಬೆಳೆ ಹಾಳು.

ಸ್ವಲ್ಪ ಹೊತ್ತಿಗೇ ಅವಳ ಫೋನ್ ಬಂತು.

“ಅಣ್ಣಾ, ಇದ್ಯಾವ ಭಾಷೇಲಿ ಬರ್ದಿದ್ದೀಯ? ಬರೀ ಸೊಟ್ಟ ಗೀಟು, ಕೊಂಬು ಬತ್ತೈತೆ!”

“ನೀನು ಏನನ್ನೋ ಒತ್ತಿದ್ದೀಯ,” ಎಂದೆ ಗಂಭೀರವಾಗಿ.

“ನಾನೇನೂ ಒತ್ತಿಲ್ಲ ಕಣಣ್ಣ!”

ಹೀಗೆ ಹೇಳುವವರೇ ಒತ್ತಿರುತ್ತಾರೆ. ಪರೀಕ್ಷಿಸೋಣವೆಂದು ಹೆಂಡತಿ ಸುಮಾಳ ಫೋನಿನಲ್ಲಿ ತೆರೆದೆ. ಅಲ್ಲೂ ಅದೇ ಗೀಟು, ಅದೇ ಕೊಂಬು! ಅತ್ತಿಗೆ ನಾದಿನಿ ಸೇರಿ ಸಂಚು ಹೂಡಿದ್ದಾರೆಂಬ ಅನುಮಾನ ಬಲವಾಯಿತು.

“ನಿಮ್ಮ ಹಳೇ ಕಾಲದ ಕನ್ನಡ ಫಾಂಟು ನಮ್ಮ ಫೋನಿಗೆ ಎಲ್ಲಿಂದ ಬರ್ಬೇಕು? ಪುಟಗಳನ್ನ ಫೋಟೋ ಮಾಡಿ ಕಳ್ಸಿ,” ಎಂದಳು ಸುಮಾ.

ಫೋಟೋ ಆದರೆ ಯಾರು ಬೇಕಾದರೂ ಕದಿಯಬಹುದಲ್ಲ! ಚನ್ನಪಟ್ಟಣದಲ್ಲಿ ಇಂಥದೇ ಪಾಠ ಮಾಡುವವನೊಬ್ಬ ಮೊನ್ನೆ ನನ್ನನ್ನು ಕಂಡು ಸುಮ್ಮಸುಮ್ಮನೆ ನಕ್ಕಿದ್ದ. ಕಾರಣವಿಲ್ಲದೆ ಯಾರೂ ನಗುವುದಿಲ್ಲ. ಆದ್ದರಿಂದ ಪ್ರತಿ ಪುಟಕ್ಕೂ ಅಡ್ಡಲಾಗಿ ನನ್ನ ಹೆಸರನ್ನು ಬಿಎಸ್ಸಿ ಸಮೇತ ದಪ್ಪಗೆ, ಹಳದಿ ಬಣ್ಣದಲ್ಲಿ ಹಾಕಿ ಕಳಿಸಿದೆ. ಈಗ ಕದಿಯಲಿ, ನೋಡೋಣ!

ಮತ್ತೆ ಫೋನ್.

“ಅಣ್ಣಾ, ಹುಳದ ಮ್ಯಾಲೆ ನಿನ್ನೆಸ್ರೇ ಮಲಗೈತೆ! ಹಣ್ಣಾದ ಹುಳ ಹಳದಿ ಅಂತ ಬರ್ದಿದ್ದೀಯ. ಈ ಫೋಟೋದಲ್ಲಿ ಎಲ್ಲಾ ಹುಳನೂ ಹಳದೀನೆ! ಬೆಳೆ ಹೋದ್ರೆ ಏನಣ್ಣ ಮಾಡ್ಲಿ?”

ದನಿಯಲ್ಲಿ ಅಳುವಿತ್ತು. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಬೈಕು ಹತ್ತಿದೆ.

ಹುಳುಮನೆಯ ಬಾಗಿಲಲ್ಲೇ ಜಯಮ್ಮ ತಡೆದಳು.

“ನಿಂತ್ಕೊ! ಬ್ಯಾರೆಯೋರ ಹುಳುಮನೆಗೆ ಹೋಗಿದ್ಯಾ?”

“ನಿನ್ನೆ ಒಂದೆರಡು ಕಡೆ...”

“ಹಂಗಾದ್ರೆ ಒಳೀಕೆ ಬರ್ಬ್ಯಾಡ. ಯಾವ ರೋಗ ತಂದಿದ್ದೀಯೋ!”

ಒಡಹುಟ್ಟಿದ ಅಣ್ಣನ ಮೇಲೆಯೇ ಅನುಮಾನ! ಜನ ಯಾಕೆ ಹೀಗಾದರೋ! ನಾನು ಹೊರಗೇ ನಿಂತು, ಕಿಟಕಿಯ ಬಲೆಗೆ ಲ್ಯಾಪ್‌ಟಾಪ್ ಆನಿಸಿ ಹಿಡಿದೆ. ಬಿಸಿಲಿಗೆ ಅವಳಿಗೆ ಒಂದಕ್ಷರವೂ ಕಾಣಲಿಲ್ಲ. ಬೇರೆ ದಾರಿಯೇ ಇಲ್ಲದೆ, ಬೇಲಿಯಾಚೆ ಯಾರೂ ಕದ್ದು ಕೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದೆ:

“ಮೈ ಹಳದಿಗೆ ತಿರುಗಿ, ಸೊಪ್ಪು ಬುಟ್ಟು, ತಲೆ ಎತ್ತಿ ಆಡಿಸ್ತಾವಲ್ಲ, ಅವೇ ಹಣ್ಣು. ಅವನ್ನ ಆರ್ಸಿ ಚಂದ್ರಿಕೆಗೆ ಬುಡು.”

“ಅಷ್ಟೇನಾ?”

ಜಯಮ್ಮ ಸರಸರನೆ ಆರಿಸತೊಡಗಿದಳು. ಬೆಳೆ ಉಳಿಯಿತು! ಗುರುವಿಗೆ ತಕ್ಕ ಗಾಂಭೀರ್ಯದಿಂದ ನಾನು ಬೆನ್ನು ನೆಟ್ಟಗೆ ಮಾಡಿದೆ. ಅಷ್ಟರಲ್ಲಿ ಒಳಗಿನಿಂದ ಅವಳ ದನಿ ಬಂತು.

“ಅಲ್ಲಣ್ಣಾ, ಬೆಳಗ್ಗಿಂದ ಫೋನ್ ಮ್ಯಾಲೆ ಫೋನ್ ಮಾಡಿದ್ನಲ್ಲ, ಆಗ್ಲೇ ಹೇಳಕ್ಕೆ ಏನಾಗಿತ್ತು ನಿಂಗೆ?”

ಇದನ್ನು ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾನು ಬೇಲಿಯಾಚೆ ಇನ್ನೊಮ್ಮೆ ಇಣುಕಿದೆ.